ಎದೆಬಡಿತ ಕೇಳುವ ಹಾವು

"ಎಲ್ಲರೂ ಕಾಲು ಮೇಲೆತ್ತಿ ಕೂತ್ಕೊಳಿ!" ಎಂದು ಪದ್ದು ಮಾಮ ಕೂಗಿದ್ದೇ ತಡ, ಸರಸ್ವತಿಪುರಂನ ಆ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಸೋಫಾ ಹತ್ತಿದರು. ನೆಲದ ಮೇಲೆ ಉಳಿದವಳು ಮೇದಿನಿ ಒಬ್ಬಳೇ. ಅವಳಿಗೆ ಅಂದಿಗೆ ಹದಿನಾಲ್ಕು ತುಂಬಿತ್ತು. ಬೇರೆ ಮಕ್ಕಳು ಹುಟ್ಟುಹಬ್ಬಕ್ಕೆ ಮೊಬೈಲ್ ಕೇಳಿ ಜೀವ ತಿಂದರೆ, ಈ ಹುಡುಗಿ ಒಂದು ವರ್ಷದಿಂದ ಹಾವು ಕೇಳಿ ಜೀವ ತಿನ್ನುತ್ತಿದ್ದಳು. ನಿಜವಾದ ಹಾವು ಸಾಕಲು ಕಾನೂನು ಬಿಡುವುದಿಲ್ಲ, ಅಮ್ಮ ಸುಗುಣ ಅಂತೂ ಬಿಡುವುದೇ ಇಲ್ಲ. ಕೊನೆಗೆ ಸುಗುಣಳ ತಮ್ಮ ಪದ್ದು ಮಾಮ ತಾನೇ ಒಂದು ಹಾವನ್ನು ತಯಾರಿಸಿಕೊಂಡು ಬಂದಿದ್ದ. ಅವನ ಹಿಂದಿನ ದೋಸೆ ತಿರುವುವ ಯಂತ್ರ ದೋಸೆಯನ್ನು ಎದುರುಮನೆ ಮಹಡಿಗೆ ಎಸೆದಿತ್ತು. ಆದರೂ ಮಾಮನ ಉತ್ಸಾಹ ಒಂದಿಷ್ಟೂ ಕುಗ್ಗಿರಲಿಲ್ಲ.

ಮಾಮ ಹಾಟ್‌ಬಾಕ್ಸಿನ ಮುಚ್ಚಳ ತೆಗೆದ. ಮೊಳದುದ್ದದ ಕಂದು ಹಾವೊಂದು ಪುಟ್ಟ ಹೆಡೆ ಬಿಚ್ಚಿ ಸುತ್ತ ನೋಡಿತು.

"ಮೊದಲನೇ ಸಲ ಹಾವು ಸಾಕೋರಿಗೆ ಎಷ್ಟು ದೊಡ್ಡ ಹಾವು ಸರಿ? ಹಸಿರು ಹಾವಿನಷ್ಟೋ, ಕೇರೆಯಷ್ಟೋ, ಹೆಬ್ಬಾವಿನಷ್ಟೋ? ಆ ತಲೆನೋವೇ ಬೇಡ! ಮುಟ್ಟಿದೋರ ಎದೆಬಡಿತ ಕೇಳಿ ಇದೇ ತೀರ್ಮಾನ ಮಾಡತ್ತೆ. ಹೆದರಿದೋರ ಹತ್ರ ಚಿಕ್ಕದಾಗತ್ತೆ, ಧೈರ್ಯವಾಗಿರೋರ ಹತ್ರ ದೊಡ್ಡದಾಗತ್ತೆ!"

"ನಿಲ್ಲಿಸೋದು ಹೇಗೋ?" ಎಂದಳು ಸುಗುಣ. ಅವಳಿಗೆ ದೋಸೆ ನೆನಪಿತ್ತು.

"ಹೆಡೆ ಮೇಲೆ ಸ್ವಿಚ್ ಇದೆ ಅಕ್ಕ. ಅಲ್ಲಿಗೆ ಯಾರೂ ಕೈ ಹಾಕಲ್ಲ ನೋಡು, ಅದಕ್ಕೇ ಅಲ್ಲಿಟ್ಟೆ!"

"ಸರಿ. ಸಂಜೆ ದೀಪ ಹಚ್ಚೋದರೊಳಗೆ ಅದು ಇವಳ ಕೈಲಿ ನೆಟ್ಟಗೆ ಕೂತರೆ ಇರಲಿ. ಇಲ್ಲದಿದ್ರೆ ನಿನ್ನ ಜೊತೆ ವಾಪಸ್!"

ಮೇದಿನಿ ಕೈ ಚಾಚಿದಳು. ಹಾವು ಮೆತ್ತಗೆ ಅಂಗೈ ಮೇಲೆ ಹರಿಯಿತು. ಆಹಾ! ಒಂದು ವರ್ಷದ ಆಸೆ! ಎದೆ ಡವಡವ ಹೊಡೆದುಕೊಂಡಿತು. ಮೊಳದ ಹಾವು ಗೇಣಾಯಿತು, ಗೇಣು ಬೆರಳಾಯಿತು, ಬೆರಳು ಶಾವಿಗೆಯಾಯಿತು!

"ಹೆದರ್ಕೋಬೇಡ ಪುಟ್ಟೀ!"

"ನಾನೆಲ್ಲಿ ಹೆದರಿದೀನಿ ಮಾಮ? ಖುಷಿ! ನಂಗೆ ಖುಷಿ!"

ಮಾಮ ತಲೆ ಕೆರೆದುಕೊಂಡ. "ಅರೆ, ಖುಷಿಗೂ ಎದೆ ಹೊಡ್ಕೊಳತ್ತಲ್ಲ!" ಅಷ್ಟು ದೊಡ್ಡ ವಿಜ್ಞಾನಿಗೆ ಇದು ಆಗತಾನೇ ಹೊಳೆದಿತ್ತು.

ಅಂದು ನಾಗರಪಂಚಮಿ. ಮೇದಿನಿಯ ಅಜ್ಜಿ ನಂಜಮ್ಮ ಇಷ್ಟು ಹೊತ್ತೂ ದೇವರ ಕೋಣೆಯಲ್ಲಿದ್ದರು, ಮಾಮನ ಭಾಷಣದ ಒಂದಕ್ಷರವೂ ಅವರ ಕಿವಿಗೆ ಬಿದ್ದಿರಲಿಲ್ಲ. ನಾಗರಕಟ್ಟೆಗೆ ತನಿ ಎರೆಯಲು ಹಾಲಿನ ತಂಬಿಗೆ ಹಿಡಿದು ಹೊರಟವರು ಮೊಮ್ಮಗಳ ಅಂಗೈ ನೋಡಿದರು.

"ಏನೇ ಇದು, ದಾರ?" ಎಂದು ಅದನ್ನು ಎತ್ತಿಕೊಂಡರು. ಅಜ್ಜಿಯ ಎದೆ ಯಾವುದಕ್ಕೂ ಗಡಿಬಿಡಿ ಮಾಡುವುದಲ್ಲ. ದಾರ ಮಾರುದ್ದ ಬೆಳೆದು, ತಟ್ಟೆಯಗಲ ಹೆಡೆ ಬಿಚ್ಚಿ ನಿಂತಿತು!

"ಅಪ್ಪಾ ನಾಗಪ್ಪ! ಮನೆಗೇ ಬಂದ್ಯಾ!" ಅಜ್ಜಿ ಅದನ್ನು ಸೋಫಾದ ಬುಡದಲ್ಲಿ ಇಳಿಸಿ, ತಂಬಿಗೆ ಹಾಲನ್ನೆಲ್ಲ ಹೆಡೆಯ ಮೇಲೆ ಸುರಿದು ಕೈ ಮುಗಿದರು. ಸ್ವಿಚ್ಚು ಚುಂಯ್ ಎಂದು ಕೆಟ್ಟುಹೋಯಿತು, ಹಾವು ಮಾತ್ರ ನಿಲ್ಲಲಿಲ್ಲ.

"ಅಯ್ಯಯ್ಯೋ, ಅದು ಮೆಷಿನ್ನು ಅಮ್ಮಾ!" ಎಂದು ಮಾಮ ಕೂಗಿದ.

"ಇದ್ದರೆ ಇರಲಿ ಬಿಡಪ್ಪ. ಪಂಚಮಿ ದಿನ ಹೆಡೆ ಕಂಡ್ಮೇಲೆ ಸುಮ್ಮನೆ ಇರೋಕಾಗತ್ತಾ? ಹೆಡೆ ನೀನು ಇಟ್ಟಿದ್ದು ತಾನೇ?"

ಮಾಮ ಒರೆಸುವ ಬಟ್ಟೆ ಹುಡುಕುವಷ್ಟರಲ್ಲಿ ಹಾವು ಸೋಫಾ ಹತ್ತಿತ್ತು, ಸುಗುಣ ಕೆಳಗೆ ಹಾರಿದ್ದಳು. ಅಲ್ಲಿ ಮೇದಿನಿಯ ಅಪ್ಪ ಶ್ರೀಕಂಠ ಕಾಲು ಮಡಿಸಿಕೊಂಡು ಕೂತಿದ್ದವನು ಹಾಗೇ ಗೊರಕೆ ಹೊಡೆಯುತ್ತಿದ್ದ. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವ ಆಸಾಮಿ ಅವನು. ಹಾವು ಅವನ ಹೊಟ್ಟೆಯ ಮೇಲೆ ಬಾಲ ಹಾಕಿತು. ಇಷ್ಟು ನಿಧಾನದ ಎದೆಬಡಿತ ಅದು ಎಂದೂ ಕೇಳಿರಲಿಲ್ಲ. ಇಂಥ ಧೈರ್ಯಶಾಲಿ ಸಿಕ್ಕಿದ ಸಂಭ್ರಮಕ್ಕೆ ಬೆಳೆಯತೊಡಗಿತು! ಸೋಫಾ ಸುತ್ತಿತು, ಫ್ರಿಜ್ಜು ಸುತ್ತಿತು, ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿತು.

"ಸುಗುಣಾ! ನಿಮ್ಮದ್ಯಾವುದೋ ಪೈಪು ನಮ್ಮ ಬಟ್ಟೆ ಮೇಲೆ ಬಿದ್ದಿದೆ!" ಎಂದು ಪಕ್ಕದ ಮನೆಯ ಕಮಲಾಕ್ಷಿ ಕೂಗಿದಳು. ಮರುಗಳಿಗೆ, "ಪೈಪು ನನ್ನನ್ನೇ ನೋಡ್ತಿದೆ!"

ಮಾಮ ಕಿಟಕಿ ಹತ್ತಿ ಸ್ವಿಚ್ಚು ಒತ್ತಿದ. ಹಾಲು ಚಿಮ್ಮಿತು, ಅಷ್ಟೇ. "ಭಾವನ್ನ ಹೆದರಿಸ್ರೋ! ಎದೆ ಜೋರಾಗಿ ಹೊಡ್ಕೋಬೇಕು!"

"ಅವರು ಭೂಕಂಪಕ್ಕೂ ಏಳಲ್ಲ ಕಣೋ!" ಎಂದಳು ಸುಗುಣ.

ಮೇದಿನಿ ಹಾವಿನ ಸುರುಳಿಗಳನ್ನು ದಾಟಿ ಅಪ್ಪನ ಕಿವಿಗೆ ಬಾಯಿಟ್ಟಳು. "ಅಪ್ಪಾ, ಗಣಿತದಲ್ಲಿ ನಾನು ಮತ್ತೆ ಫೇಲು!"

ಶ್ರೀಕಂಠ ದಡಬಡಿಸಿ ಎದ್ದ. ಎದ್ದು ಕಣ್ಣು ಬಿಟ್ಟರೆ ಎದುರಿಗೆ ಕಂಬದಪ್ಪದ ಹಾವು! ಅವನ ಎದೆ ತಮಟೆಯಾಯಿತು. ಹಾವು ಸರ್ರನೆ ಒಳಗೆಳೆದುಕೊಂಡು, ಕಿರಿದಾಗಿ, ಇನ್ನೂ ಕಿರಿದಾಗಿ ಮಾಯವಾಯಿತು.

ಮಾಯವೆಂದರೆ ಮಾಯವೇ! ಮಧ್ಯಾಹ್ನವೆಲ್ಲ ಹುಡುಕಿದರು. ಕಡುಬು ತಣ್ಣಗಾಯಿತು. ಸೋಫಾ ಕೊಡವಿದ್ದಾಯಿತು, ಪಾಯಸದ ಶಾವಿಗೆಯನ್ನು ಒಂದೊಂದಾಗಿ ಎತ್ತಿ ನೋಡಿದ್ದಾಯಿತು. ಸಂಜೆಯಾಗಿ ಅಮ್ಮ ಬತ್ತಿ ಹೊಸೆಯಲು ಕೂತಾಗ ಮೇದಿನಿಗೆ ದುಃಖ ಉಕ್ಕಿ ಬಂತು. ಸಿಕ್ಕಿದ ಹಾವು ಒಂದು ದಿನವೂ ತನ್ನದಾಗಲಿಲ್ಲವಲ್ಲ!

"ಅತ್ತಿದ್ದು ಸಾಕು. ಫೇಲು ಅಂದ್ಯಲ್ಲ, ಗಣಿತ ತಗೊಂಡು ಕೂತ್ಕೋ!" ಎಂದ ಅಪ್ಪ. ಅವನ ನಿದ್ದೆ ಹಾರಿದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮೇದಿನಿ ಮೂಗು ಒರೆಸಿಕೊಂಡು ತ್ರಿಭುಜದ ಪಾಠ ತೆರೆದಳು. ಒಂದು ಪ್ರಮೇಯ ಓದುವಷ್ಟರಲ್ಲಿ ಅಳು ನಿಂತಿತು. ಎರಡನೆಯದಕ್ಕೆ ಆಕಳಿಕೆ ಬಂತು. ಮೂರನೆಯದಕ್ಕೆ ಎದೆಬಡಿತ ಇದೆಯೋ ಇಲ್ಲವೋ ಎನ್ನುವಂತಾಯಿತು. ಆಗ ಅವಳ ಮಣಿಕಟ್ಟಿನಲ್ಲಿ ಏನೋ ಮಿಸುಕಿತು.

ಅಪ್ಪ ಬೆಚ್ಚಿದಾಗಿನಿಂದ ಕೂದಲೆಳೆಯಂತೆ ಅಲ್ಲೇ ಸುತ್ತಿಕೊಂಡಿತ್ತು ಹಾವು! ಬೆರಳಾಯಿತು, ಗೇಣಾಯಿತು, ಮೊಳವಾಯಿತು. ಖುಷಿಗೆ ಅವಳ ಎದೆ ಒಮ್ಮೆ ಜಿಗಿಯಿತು, ಹಾವು ತಟ್ಟನೆ ಮುದುಡಿತು. ಮೇದಿನಿ ಗಾಬರಿಯಿಂದ ನಾಲ್ಕನೆಯ ಪ್ರಮೇಯಕ್ಕೆ ಹಾರಿದಳು. ಹಾವು ಮತ್ತೆ ಚಾಚಿಕೊಂಡು ಪುಸ್ತಕದ ಮೇಲೆ ತಲೆಯಿಟ್ಟು ಮಲಗಿತು.

ಬೆಂಕಿಪೊಟ್ಟಣ ಹಿಡಿದು ಬಂದ ಸುಗುಣ ಬಾಗಿಲಲ್ಲೇ ನಿಂತಳು. ಮಗಳ ತೊಡೆಯ ಮೇಲೆ ಹಾವು. ಅದನ್ನು ಹೇಗೋ ಸಹಿಸಬಹುದು. ಆದರೆ ಮಗಳು ಗಣಿತ ಬಿಟ್ಟು ಏಳಲೊಲ್ಲೆ ಅನ್ನುತ್ತಿದ್ದಾಳೆ! ಇಂಥ ದೃಶ್ಯ ಈ ಮನೆ ಕಂಡಿರಲಿಲ್ಲ.

"ಇರತ್ತಾ ಅಮ್ಮ?" ಮೇದಿನಿ ಪುಸ್ತಕದಿಂದ ಕಣ್ಣೆತ್ತದೆ ಕೇಳಿದಳು.

"ಇರಲಿ," ಎಂದು ಸುಗುಣ ದೀಪ ಹಚ್ಚಿದಳು. ಮಗಳ ಕೈ ಮುಂದಿನ ಪುಸ್ತಕದತ್ತ ಹೋಗುವುದು ಕಂಡು ಸರಕ್ಕನೆ ತಿರುಗಿದಳು. "ಗಣಿತ ಎಷ್ಟು ಬೇಕಾದ್ರೂ ಓದು ಪುಟ್ಟಿ. ಸಮಾಜ ವಿಜ್ಞಾನ ಮಾತ್ರ ತೆಗೀಬೇಡ, ಮನೆ ಸಾಲಲ್ಲ."