ಇನ್ನೂರ ಹನ್ನೆರಡನೇ ಪುಟದ ಅಂಟು

ಜ್ಞಾನಿಗಳನ್ನು ಆಟೋದಲ್ಲಿ ಕೂರಿಸಿಕೊಂಡು ತಿರುಗಿದರೆ ಇಂಥವು ಆಗುತ್ತಲೇ ಇರುತ್ತವೆ. ಅಜ್ಞಾನಿಗಳಾದರೆ ಸುಮ್ಮನೆ ಊರು ಸೇರುತ್ತಾರೆ.

ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ಬಾಳೆಕಾಯಿ ಲೋಡು, ಇಟ್ಟಿಗೆ ಗೂಡು, ಸರ್ಕಸ್ಸಿನ ಟೆಂಟು, ಎಲ್ಲೂ ಆರು ತಿಂಗಳು ನಿಂತ ಕಾಲಲ್ಲ ಇದು. ನಿಂತದ್ದು ನಂಜನಗೂಡಿನ ಮೇಷ್ಟ್ರ ಹತ್ತಿರ ಮಾತ್ರ. ಕಾಲೇಜಿನಿಂದ ರಿಟೈರಾದವರು, ಬೌದ್ಧ ದರ್ಶನದ ದೊಡ್ಡ ವಿದ್ವಾಂಸರು. ಮೂವತ್ತು ವರ್ಷ ಕೂತು ಶೂನ್ಯವಾದದ ಮೇಲೆ ನಾನೂರು ಪುಟ ಬರೆದರು. ಏನೂ ಇಲ್ಲ ಅನ್ನೋದಕ್ಕೇ ನಾನೂರು ಪುಟ. ಏನಾದರೂ ಇದ್ದಿದ್ದರೆ ಇನ್ನೆಷ್ಟಾಗುತ್ತಿತ್ತೋ!

೧. ಇಲ್ಲದವರ ಫೋಟೋ

'ನಾನು' ಅನ್ನೋದು ಬರೀ ಭ್ರಮೆ ಅಂತ ಮೂರು ಅಧ್ಯಾಯ ಬರೆದ ಮೇಷ್ಟ್ರಿಗೆ ಪುಸ್ತಕದ ಹಿಂಬದಿಗೆ ತಮ್ಮ ಫೋಟೋ ಬೇಕಾಯಿತು. ನಾಲ್ಕು ಸಲ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಒಂದರಲ್ಲಿ ಮೂಗು ದಪ್ಪ, ಇನ್ನೊಂದರಲ್ಲಿ ಕಣ್ಣು ಸಣ್ಣ.

"ಯಾವುದರಲ್ಲೂ ನಾನು ನಾನೇ ಅನ್ನಿಸ್ತಾ ಇಲ್ಲವಲ್ಲಯ್ಯ" ಅಂದರು.

ಪುಸ್ತಕದಲ್ಲೇನಿದೆ ಅಂತ ನನ್ನಿಂದ ಕೇಳಿ ತಿಳಿದಿದ್ದ ಸ್ಟುಡಿಯೋದವನು ಬೆವರು ಒರೆಸಿಕೊಂಡ. "ಸಾ, ನೀವೇ ಇಲ್ಲ ಅಂತ ಬರ್ದಿದ್ದೀರಂತೆ. ಇಲ್ದಿರೋರ ಫೋಟೋ ಇಷ್ಟು ಬಂದಿರೋದೇ ಎಚ್ಚು ಕಣ್ ಸಾ."

೨. ಒಂದು ಚುಕ್ಕೆ ಗಂಜಿ

ಹದಿಮೂರು ಜನರಿಗೆ ಗೌರವಪ್ರತಿ ಅಂತ ತೀರ್ಮಾನವಾಯಿತು. ಕಳಿಸುವ ಮುಂಚೆ ಮೇಷ್ಟ್ರು ಒಂದೊಂದು ಪುಸ್ತಕದಲ್ಲೂ ಇನ್ನೂರ ಹನ್ನೆರಡು, ಇನ್ನೂರ ಹದಿಮೂರನೇ ಪುಟಗಳ ಮೂಲೆಗೆ ಅನ್ನದ ಗಂಜಿ ಒಂದು ಚುಕ್ಕೆ ಇಟ್ಟು ಅಂಟಿಸಿದರು.

"ಇದೇನು ಸಾ?"

"ನಮ್ಮ ಪಾಠಶಾಲೆ ಗುರುಗಳ ವಿದ್ಯೆ ಕಣಯ್ಯ. ಓದಿದವನಾದರೆ ಪುಟ ಬಿಡಿಸಿರ್ತಾನೆ. ಮೂರು ತಿಂಗಳು ಬಿಟ್ಟು ಹೋಗಿ ನೋಡೋಣ. ಒಬ್ಬ, ಒಬ್ಬನೇ ಒಬ್ಬ ಪೂರ್ತಿ ಓದಿದ್ದರೆ ಸಾಕು. ನನ್ನ ಮೂವತ್ತು ವರ್ಷ ಸಾರ್ಥಕ."

ಆಸೆಯೇ ದುಃಖದ ಮೂಲ ಅಂತ ಅದೇ ಪುಸ್ತಕದ ಹದಿನೆಂಟನೇ ಪುಟದಲ್ಲಿದೆ. ಅಂಟು ಹಾಕುವ ಗಡಿಬಿಡಿಯಲ್ಲಿ ಮೇಷ್ಟ್ರಿಗೆ ಅದು ಮರೆತಿರಬೇಕು.

ಹದಿಮೂರರಲ್ಲಿ ಒಂದರ ರಟ್ಟು ಹರಿದಿತ್ತು. "ಇದನ್ನ ಯಾರಿಗೆ ಕೊಡೋದು?" ಅಂತ ನನ್ನ ಆಟೋದ ಸೀಟಿನ ಹಿಂದಕ್ಕೆ ಎಸೆದರು.

೩. ಬನ್ನೂರಿನ ಕಣ್ಣೀರು

ಮೂರು ತಿಂಗಳಾದ ಮೇಲೆ ತಪಾಸಣೆ ಶುರು. ಮೊದಲು ಬನ್ನೂರಿನ ಒಬ್ಬ ಲೆಕ್ಚರರ್ ಮನೆ.

"ಅದ್ಭುತ ಸಾರ್! ಎರಡು ಸಲ ಓದಿದೆ. ಕೊನೇ ಅಧ್ಯಾಯದಲ್ಲಂತೂ ಕಣ್ಣೀರೇ ಬಂತು" ಅಂದರು.

ಅವರು ಕಾಫಿ ತರಲು ಒಳಗೆ ಹೋದಾಗ ಮೇಷ್ಟ್ರು ಕಪಾಟಿಗೆ ಕೈಹಾಕಿದರು. ಪುಟ ಅಂಟಿಕೊಂಡೇ ಇತ್ತು. ಕಾಫಿ ಕುಡಿಯದೆ ಎದ್ದು ಬಂದರು.

"ಹೋಗ್ಲಿ ಬಿಡಿ ಸಾ, ಅಳು ಬಂತು ಅಂದ್ರಲ್ಲ."

"ಕೊನೇ ಅಧ್ಯಾಯ ಆಕರ ಗ್ರಂಥಗಳ ಪಟ್ಟಿ ಕಣಯ್ಯ!"

೪. ಹದಿನಾರಿನ ಹೊಸ ದೇವರು

ಹೀಗೆ ಹತ್ತು ಮನೆ ಮುಗಿಯಿತು. ಹತ್ತರಲ್ಲೂ ಗಂಜಿ ಗಟ್ಟಿಯಾಗಿತ್ತು. ಹನ್ನೊಂದನೆಯದು ಹದಿನಾರು ಅನ್ನೋ ಊರಿನ ರೈತ, ಮೇಷ್ಟ್ರ ಹಳೇ ಶಿಷ್ಯ. ಪುಸ್ತಕ ದೇವರ ಗೂಡಿನಲ್ಲಿತ್ತು. ಅರಿಶಿನ, ಕುಂಕುಮ, ಮೇಲೊಂದು ಕನಕಾಂಬರದ ಎಸಳು.

"ದಿನಾ ಊವ ಮಡಗ್ತೀವಿ ಸಾ. ಗಂಧದ ಕಡ್ಡಿನೂ ಅಚ್ತೀವಿ" ಅಂದ.

"ಓದಿದೆಯೇನಪ್ಪಾ?"

ಶಿಷ್ಯ ಕೆನ್ನೆ ಬಡಿದುಕೊಂಡ. "ಅಯ್ಯೋ ಬುಡ್ತು ಅನ್ನಿ ಸಾ! ದೇವ್ರನ್ನ ಬಿಚ್ಚಿ ನೋಡಕ್ಕಾಯ್ತದಾ?"

ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ ಅಂತ ಇಡೀ ಒಂದು ಅಧ್ಯಾಯ ಒಳಗೆ ಕೂತಿತ್ತು. ಹೊರಗೆ ಅದಕ್ಕೇ ಮಂಗಳಾರತಿ.

೫. ನರಸೀಪುರದ ಶಾಸ್ತ್ರಿಗಳು

ಕೊನೆಯ ಪ್ರತಿ ತಿರುಮಕೂಡಲು ನರಸೀಪುರದ ಶಾಸ್ತ್ರಿಗಳದ್ದು. ದೇವಸ್ಥಾನದ ಮನೆತನ, ಕಟ್ಟಾ ವೇದಾಂತಿ. ಮೇಷ್ಟ್ರೂ ಅವರೂ ಒಂದೇ ಪಾಠಶಾಲೆಯಲ್ಲಿ ಓದಿ, ಆಮೇಲೆ ಜೀವಮಾನವಿಡೀ ಜಗಳವಾಡಿದವರು.

"ಅವನು ಓದಿರಲ್ಲ ಬಿಡು" ಅಂತ ನನ್ನ ಕಿವಿಯಲ್ಲಿ ಅನ್ನುತ್ತಲೇ ಮೇಷ್ಟ್ರು ಅವರ ಕಪಾಟಿನಿಂದ ಪುಸ್ತಕ ತೆಗೆದರು. ಇನ್ನೂರ ಹನ್ನೆರಡನೇ ಪುಟ ಸಲೀಸಾಗಿ ತೆರೆದುಕೊಂಡಿತು! ಮೇಷ್ಟ್ರ ಕಣ್ಣು ತುಂಬಿತು.

"ಓದಿದ್ಯೇನೋ!"

"ಓದೋದಾ?" ಶಾಸ್ತ್ರಿಗಳು ನಶ್ಯ ಏರಿಸಿದರು. "ಕೈಗೆ ಬಂದ ತಕ್ಷಣ ಅಂಟು ಎಲ್ಲಿದೆ ಅಂತ ಹುಡುಕಿ ಬಿಡಿಸಿಟ್ಟೆ. ಒಬ್ಬರೇ ಗುರುಗಳ ಶಿಷ್ಯರಲ್ವೇನೋ ನಾವು? ಅದಿರಲಿ, ಹತ್ತು ವರ್ಷದ ಹಿಂದೆ ನನ್ನ ಪುಸ್ತಕ ಕೊಟ್ಟಿದ್ನಲ್ಲ, ಓದಿದ್ಯಾ?"

"ಓದದೇ ಇರ್ತೀನಾ? ಅದ್ಭುತ! ಕೊನೇ ಅಧ್ಯಾಯದಲ್ಲಂತೂ ಕಣ್ಣೀರೇ ಬಂತು."

ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು ತೊಲೆ ನೋಡುತ್ತಿದ್ದರು.

ಆಟೋ ನಂಜನಗೂಡಿಗೆ ತಿರುಗಿತು. ಮನೆಗೆ ಬಂದವರೇ ಶಾಸ್ತ್ರಿಗಳ ಪುಸ್ತಕ ಹುಡುಕಿ, ಧೂಳು ಕೊಡವಿ, ತಿರುವಿದರು. ನೂರ ನಲವತ್ತನೇ ಪುಟಕ್ಕೆ ಬೆರಳು ನಿಂತಿತು. ಹತ್ತು ವರ್ಷದ ಗಂಜಿ. ಬೆರಳಿಗೆ ನೀರು ಮುಟ್ಟಿಸಿ ಮೆಲ್ಲಗೆ ಬಿಡಿಸಿದರು. ಒಳಗೆ ಪೆನ್ಸಿಲಿನಲ್ಲಿ ಒಂದು ಸಾಲು:

'ನನ್ನ ಮನೆಗೆ ಬಂದುಹೋದ ಮೇಲೆ ಬಿಡಿಸ್ತಾ ಇದೀಯಾ, ಅಲ್ವೇನೋ?'

ಮೇಷ್ಟ್ರು ಕುರ್ಚಿಗೆ ಕುಸಿದರು. "ಈಗ ಏನಯ್ಯಾ ಮಾಡೋದು? ಅವನು ಬಂದು ನೋಡೇ ನೋಡ್ತಾನೆ. ಪುಟ ಬಿಡಿಸಿದೆ ಅಂದರೆ ಈ ಸಾಲು ನಿಜವಾಗತ್ತೆ. ಮತ್ತೆ ಅಂಟಿಸಿದರೆ ಓದೇ ಇಲ್ಲ ಅಂತಾಗತ್ತೆ."

"ನೀವೇ ಬರ್ದಿದ್ದೀರಲ್ಲ ಸಾ" ಅಂದೆ. "ಇದೆ ಅನ್ನೋ ಹಾಗೂ ಇಲ್ಲ, ಇಲ್ಲ ಅನ್ನೋ ಹಾಗೂ ಇಲ್ಲ ಅಂತ. ಇನ್ನೂರ ಹದಿಮೂರನೇ ಪುಟ, ಮೇಲಿಂದ ನಾಲ್ಕನೇ ಸಾಲು."

ಮೇಷ್ಟ್ರು ನಿಧಾನಕ್ಕೆ ತಲೆ ಎತ್ತಿದರು. "ನಿಂಗೆ ಹೇಗೆ ಗೊತ್ತು?"

"ನೀವು ಎಷ್ಟೋ ಮನೇಲಿ ನನ್ನ ಹೊರಗೇ ಬಿಟ್ಟು ಎರಡೆರಡು ಗಂಟೆ ಕೂತರೆ ಆಟೋದಲ್ಲಿ ನಾನೇನು ಮಾಡ್ಲಿ ಸಾ? ರಟ್ಟು ಹರಿದದ್ದು ಬಿದ್ದಿತ್ತಲ್ಲ, ಪೂರ್ತಿ ಓದಿದೆ. ಮಧ್ಯೆ ಸ್ವಲ್ಪ ಎಳೆದಿದ್ದೀರಿ."

"ತಗೊಂಡು ಬಾ" ಅಂದರು. ತಂದುಕೊಟ್ಟೆ. ಇನ್ನೂರ ಹನ್ನೆರಡನೇ ಪುಟ ತೆರೆದರು, ಮೂಲೆ ಸವರಿದರು, ಬೆಳಕಿಗೆ ಹಿಡಿದರು. ಪುಟ ಬಿಟ್ಟಿತ್ತು. ಪುಸ್ತಕ ಮುಚ್ಚಿ ನನ್ನನ್ನೇ ದಿಟ್ಟಿಸಿದರು.

"ನಿಜ ಹೇಳು. ಅಂಟು ಬಿಡಿಸಿಡು ಅಂತ ಆ ಶಾಸ್ತ್ರಿ ತಾನೇ ನಿಂಗೆ ಹೇಳಿಕೊಟ್ಟಿದ್ದು?"