ವೆಲ್ಡಿಂಗಿಗೆ ಮೂರು ಜನ ಕಮ್ಮಿ

ಗ್ರೇಡಿ ಹೋಲೂಬನ ಗ್ರಹಚಾರ ಕೆಟ್ಟಿದ್ದು ಮೂರು ಖಾಲಿ ಚೌಕಗಳಿಂದ.

ಬರುವ ವರ್ಷ ಹನ್ನೊಂದನೇ ಕ್ಲಾಸಿನಲ್ಲಿ ಏನೇನು ಓದುತ್ತೀರಿ ಎಂದು ಶಾಲೆಯವರು ಒಂದು ಹಾಳೆ ಕೊಟ್ಟಿದ್ದರು. ಇಂಗ್ಲಿಷು, ಗಣಿತ, ಇತಿಹಾಸಗಳನ್ನು ಅವರೇ ಅಚ್ಚು ಹಾಕಿಸಿದ್ದರು. ಅವು ಸಾವಿನ ಹಾಗೆ, ಯಾರಿಗೂ ತಪ್ಪಿದ್ದಲ್ಲ. ಉಳಿದ ನಾಲ್ಕು ಚೌಕ ಮಕ್ಕಳ ಇಷ್ಟ. ಒಂದರಲ್ಲಿ ಗ್ರೇಡಿ ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ ‘ವೆಲ್ಡಿಂಗ್’ ಎಂದು ಬರೆದಿದ್ದ. ಮಿಕ್ಕ ಮೂರರಲ್ಲಿ ಏನು ಬಂದರೂ ಅವನಿಗೆ ಒಂದೇ ಎಂದು ಖಾಲಿ ಬಿಟ್ಟಿದ್ದ.

ಆ ಶಾಲೆಯ ನ್ಯಾಯವೇ ಹಾಗೆ. ಹದಿನಾರರ ಹುಡುಗ ಪಾಠದ ಮಧ್ಯೆ ಉಚ್ಚೆಗೆ ಹೋಗಬೇಕಾದರೂ ಮೇಷ್ಟ್ರ ಕೈಯಲ್ಲಿ ಚೀಟಿ ಬರೆಸಿಕೊಂಡು ಹೋಗಬೇಕು. ಅಷ್ಟು ನಂಬಿಕೆ ಅವನ ಮೇಲೆ. ಆದರೆ ಬದುಕಿನಲ್ಲಿ ಏನಾಗುತ್ತೀಯ ಎಂಬುದನ್ನು ಮಾತ್ರ ಅವನೇ ತೀರ್ಮಾನಿಸಿ ಶುಕ್ರವಾರ ಸ್ಕೂಲು ಬಿಡುವುದರೊಳಗೆ ಆಫೀಸಿಗೆ ಕೊಡಬೇಕು.

ಅವತ್ತು ಶುಕ್ರವಾರ. ಗ್ರೇಡಿಯ ಹಾಳೆಗೆ ಇನ್ನೂ ಅಮ್ಮನ ಸಹಿ ಬಿದ್ದಿರಲಿಲ್ಲ.

“ಕೆಮಿಸ್ಟ್ರಿ ಎಲ್ಲೋ?” ಅಂದಳು ಜೋಲೀನ್, ಹಿಮದ ಬೂಟು ಎಳೆದುಕೊಳ್ಳುತ್ತ. ಅವಳು ಅದೇ ಶಾಲೆಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಳು. ಮಗನಿಗಿಂತ ಒಂದು ಗಂಟೆ ಮುಂಚೆ ಹೊರಡಬೇಕಿತ್ತು.

“ಕೆಮಿಸ್ಟ್ರಿ ಬೇಡಮ್ಮಾ. ವೆಲ್ಡಿಂಗ್ ಸಾಕು. ರೋಲಿ ಮಾವ ಬೇಸಿಗೇಲಿ ವರ್ಕ್‌ಶಾಪಿಗೆ ಒಬ್ಬರನ್ನ ತಗೋತಾರಂತೆ. ವೆಲ್ಡಿಂಗ್ ಕ್ಲಾಸಲ್ಲಿ ಹೆಸರಿರೋರನ್ನ ಮಾತ್ರ. ಇಲ್ದಿದ್ರೆ ಇನ್ಶೂರೆನ್ಸ್‌ನೋರು ಒಳಗೇ ಬಿಡಲ್ವಂತೆ.”

“ನನ್ನ ತಮ್ಮನ ಮಾತು ಕೇಳ್ಬೇಡ. ಅವನ ಹುಬ್ಬು ಸುಟ್ಟು ಎರಡು ವರ್ಷ ಆಯ್ತು, ಇನ್ನೂ ಬಂದಿಲ್ಲ. ಕೆಮಿಸ್ಟ್ರಿ ಬರ್ದು ತಾ, ಸೈನ್ ಹಾಕ್ತೀನಿ.”

“ಬರೆಯಲ್ಲ.”

“ಹಾಕಲ್ಲ,” ಅಂದು ಜೋಲೀನ್ ಬಾಗಿಲು ಎಳೆದುಕೊಂಡು ಹೋದಳು.

ಗ್ರೇಡಿ ಹಾಳೆಯನ್ನು ಜೇಬಿಗಿಟ್ಟು ಶಾಲೆಗೆ ಬಂದವನು ಮೊದಲು ಹೋದದ್ದು ಹಿಂದಿನ ಶೆಡ್ಡಿಗೆ. ವೆಲ್ಡಿಂಗ್ ಮೇಷ್ಟ್ರು ಸ್ವೋಬೊಡ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಮುಖ ಶೀತ ಹಿಡಿದ ಎತ್ತಿನ ಹಾಗಿತ್ತು.

“ಬಾರಯ್ಯ. ಈ ಶೆಡ್ಡನ್ನ ಒಂದ್ಸಲ ಚೆನ್ನಾಗಿ ನೋಡ್ಕೋ,” ಅಂದರು. “ಹತ್ತು ಜನ ಸೇರದಿದ್ರೆ ಮುಂದಿನ ವರ್ಷ ಕ್ಲಾಸ್ ಇಲ್ಲ. ನಿನ್ನನ್ನ ಸೇರಿಸ್ಕೊಂಡ್ರೂ ಮೂರು ಜನ ಕಮ್ಮಿ. ಪ್ರಿನ್ಸಿಪಾಲರು ಆಗಲೇ ಟೇಪ್ ಹಿಡಿದು ಅಳತೆ ತಗೊಂಡು ಹೋದ್ರು. ಇಲ್ಲಿ ನೆಮ್ಮದಿ ಕೋಣೆ ಮಾಡ್ತಾರಂತೆ.”

“ಹಂಗಂದ್ರೆ ಏನು ಸಾರ್?”

“ಮಕ್ಕಳು ಬಂದು ಮೆತ್ತೆ ಮೇಲೆ ಕೂತು ಉಸಿರು ಬಿಡೋದಂತೆ. ಗೋಡೆಗೆ ಸಮುದ್ರದ ಚಿತ್ರ.”

“ಸಮುದ್ರ ನಾನು ನೋಡೇ ಇಲ್ಲ ಸಾರ್.”

“ನೆಬ್ರಾಸ್ಕದಲ್ಲಿ ಯಾವನು ನೋಡಿದಾನೆ? ಪ್ರಿನ್ಸಿಪಾಲರು ಹೋದ ವರ್ಷ ಹಡಗಲ್ಲಿ ಸುತ್ತಿ ಬಂದ್ರಲ್ಲ, ಅದರ ಫೋಟೋ ಇರ್ಬೇಕು.”

ಗ್ರೇಡಿಗೆ ಸಿಟ್ಟು ಬಂತು. ಊರಿಗೆ ಊರೇ ಟ್ರ್ಯಾಕ್ಟರು, ಕಟಾವಿನ ಯಂತ್ರಗಳ ಮೇಲೆ ಬದುಕುತ್ತಿದೆ. ಮುರಿದ ಕಬ್ಬಿಣ ಕೂಡಿಸುವುದನ್ನು ಕಲಿಸಲು ಜಾಗವಿಲ್ಲ, ಉಸಿರಾಡುವುದನ್ನು ಕಲಿಸಲು ಜಾಗವಿದೆ. ಉಸಿರಾಟವನ್ನು ಅವನು ಹುಟ್ಟಿದ ದಿನವೇ ಯಾರ ಪಾಠವೂ ಇಲ್ಲದೆ ಕಲಿತಿದ್ದ.

“ಮೂರು ಜನ ತಾನೇ? ಸಂಜೆಯೊಳಗೆ ತರ್ತೀನಿ ಸಾರ್,” ಅಂದ.

“ಬಾಯಿಮಾತು ಲೆಕ್ಕಕ್ಕಿಲ್ಲ ಮತ್ತೆ. ಹಾಳೆ ಆಫೀಸಿಗೆ ಹೋಗ್ಬೇಕು,” ಅಂದರು ಸ್ವೋಬೊಡ. ಗ್ರೇಡಿ ಆಗಲೇ ಬಾಗಿಲು ದಾಟಿದ್ದ.

ಮೊದಲು ಸಿಕ್ಕವನು ಟ್ರೆಂಟ್. ಆರಡಿ ದಾಟಿದ ಹುಡುಗ, ಲಾಕರಿನೊಳಗೆ ತಲೆ ಹಾಕಿ ನಿಂತಿದ್ದ.

“ಮಗಾ, ವೆಲ್ಡಿಂಗ್‌ಗೆ ಬಾರೋ.”

“ಬರ್ತೀನಿ. ನೀನು ಕಾಯರ್‌ಗೆ ಬಾ.”

“ನಾನಾ? ಹಾಡೋಕಾ?”

“ಕೇಳೋ ಇಲ್ಲಿ,” ಟ್ರೆಂಟ್ ತಲೆ ಹೊರತೆಗೆದ. “ಅಷ್ಟೂ ಜನ ಹುಡುಗೀರು, ನಾನೊಬ್ಬ ಗಂಡು. ಅವರೆಲ್ಲ ಮೇಲೆ ಹಾಡ್ತಾರೆ. ನಾನೊಬ್ಬ ಕೆಳಗಡೆ ಗುಂಯ್ ಅಂತಿರ್ತೀನಿ, ಹಳೇ ಫ್ರಿಜ್ ಥರ. ಕ್ರಿಸ್‌ಮಸ್ಸಿಗೆ ನಮ್ಮಜ್ಜಿ ಕೇಳಿದ್ಲು, ಅದೇನು ಹೀಟರ್ ಕೆಟ್ಟಿತ್ತಾ ಅಂತ.”

“ನಂಗೆ ಹಾಡಕ್ಕೆ ಬರಲ್ಲ ಕಣೋ.”

“ನಂಗೂ ಬರಲ್ಲ. ಇಬ್ಬರಿದ್ರೆ ತಪ್ಪಿದ್ದು ಯಾರು ಅಂತ ಗೊತ್ತಾಗಲ್ಲ. ಅಷ್ಟೇ ನನ್ನಾಸೆ.”

ಗ್ರೇಡಿ ಮೊದಲ ಖಾಲಿ ಚೌಕದಲ್ಲಿ ‘ಕಾಯರ್’ ಎಂದು ಬರೆದ. ಟ್ರೆಂಟ್ ಅಲ್ಲೇ, ಮನೆಯವರು ಆಗಲೇ ಸಹಿ ಹಾಕಿದ್ದ ತನ್ನ ಹಾಳೆಯಲ್ಲಿ ‘ವೆಲ್ಡಿಂಗ್’ ಎಂದು ಗೀಚಿ, ನೇರ ಆಫೀಸಿಗೆ ಹೋಗಿ ಕೊಟ್ಟು ಬಂದ. ಗ್ರೇಡಿಯ ಹಾಳೆ ಸಹಿಯಿಲ್ಲದ್ದು. ಮತ್ತೆ ಜೇಬಿಗೆ ಹೋಯಿತು.

ಎರಡನೆಯವಳು ಮರಿಸೋಲ್. ಇತಿಹಾಸದ ಕ್ಲಾಸಿನಲ್ಲಿ ಅವನ ಪಕ್ಕದ ಬೆಂಚು.

“ವೆಲ್ಡಿಂಗಾ? ಬರ್ತೀನಿ,” ಅಂದಳು ಮೆಲ್ಲಗೆ. “ನೀನು ಜರ್ಮನ್ ತಗೊಳ್ಳೋದಾದ್ರೆ. ಆ ಕ್ಲಾಸಿಗೂ ಒಬ್ಬರು ಕಮ್ಮಿ. ಮಿಸ್ ಬೋಡೆ ಬೆಳಿಗ್ಗೆಯಿಂದ ಕರ್ಚೀಫ್ ಹಿಡ್ಕೊಂಡು ಓಡಾಡ್ತಿದಾರೆ.”

“ಜರ್ಮನ್ ಯಾಕೆ ಬೇಕು ನಿಂಗೆ? ಆಗಲೇ ಎರಡು ಭಾಷೆ ಬರುತ್ತಲ್ಲ.”

“ಅದೇ ಕಷ್ಟ. ಅಮ್ಮ ಸ್ಪ್ಯಾನಿಶಲ್ಲಿ ಬೈದ್ರೂ ಅರ್ಥ ಆಗುತ್ತೆ, ಇಂಗ್ಲಿಷಲ್ಲಿ ಬೈದ್ರೂ ಅರ್ಥ ಆಗುತ್ತೆ. ತಿರುಗಿ ಬೈಯೋಕೆ ಅವಳಿಗೆ ಅರ್ಥ ಆಗದ ಒಂದು ಭಾಷೆ ಬೇಡ್ವಾ?”

ಕಾರಣ ನ್ಯಾಯವಾಗಿತ್ತು. ಎರಡನೇ ಚೌಕಕ್ಕೆ ಜರ್ಮನ್ ಬಿತ್ತು. ಪೀರಿಯಡ್ ಮುಗಿಯುವಷ್ಟರಲ್ಲಿ ಸುದ್ದಿ ಹೇಗೋ ಮಿಸ್ ಬೋಡೆಯವರಿಗೆ ಮುಟ್ಟಿತ್ತು. ಅವರು ಕಾರಿಡಾರಿನಲ್ಲಿ ಗ್ರೇಡಿಯನ್ನು ಹಿಡಿದು ನಿಲ್ಲಿಸಿ, “ನನ್ನ ಕ್ಲಾಸ್ ಉಳಿಸಿದ ಪುಣ್ಯಾತ್ಮ ನೀನು,” ಎಂದು ಶುಂಠಿ ಬಿಸ್ಕತ್ತಿನ ಡಬ್ಬಿಯನ್ನು ಕೈಗೆ ತುರುಕಿದರು. ಎದುರಿಗೆ ಬಂದ ಕಾಯರ್ ಮೇಷ್ಟ್ರು ಅವನ ಎದೆಯ ಮೇಲೆ ಅಂಗೈ ಊರಿ, “ಬೇಸ್! ಒಳ್ಳೇ ತಗ್ಗಿನ ದನಿ ಇರೋ ಎದೆ!” ಎಂದು ದನದ ಸಂತೆಯಲ್ಲಿ ಹೋರಿ ಪರೀಕ್ಷಿಸುವವರ ಹಾಗೆ ತಟ್ಟಿ ಹೋದರು. ಹುಡುಗಿಯರು ಕಿಸಕ್ಕೆಂದರು. ಗ್ರೇಡಿ ಬಿಸ್ಕತ್ತು ತಿನ್ನುತ್ತ ಮೂರನೆಯವರನ್ನು ಹುಡುಕಿದ.

ಮೂರನೆಯವರು ಎಲ್ಲಿಯೂ ಸಿಗಲಿಲ್ಲ. ಒಬ್ಬನಿಗೆ ಬೆಂಕಿ ಕಂಡರೆ ಭಯ, ಇನ್ನೊಬ್ಬನಿಗೆ ಸ್ವೋಬೊಡ ಕಂಡರೆ ಭಯ. ಕೊನೆಗೆ ಉಳಿದವಳು ಆಡ್ರಿ ವಾಸೆಕ್.

ಆಡ್ರಿ ಅಂದರೆ ಆ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಬರುವವಳು, ಎಲ್ಲರಿಗಿಂತ ಕೊನೆಗೆ ಹೋಗುವವಳು. ದನದ ಡಾಕ್ಟರಾಗುತ್ತೇನೆ ಎಂದು ಎರಡನೇ ಕ್ಲಾಸಿನಲ್ಲೇ ನಿಶ್ಚಯಿಸಿದ್ದಳು. ಆಮೇಲೆ ಮನಸ್ಸು ಬದಲಾಯಿಸಲು ಪುರುಸೊತ್ತಾಗಿರಲಿಲ್ಲ. ಬೇಸಿಗೆಯಲ್ಲಿ ಪ್ರಿನ್ಸಿಪಾಲರ ಮೂರು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಬೇರೆ. ಲೈಬ್ರರಿಯಲ್ಲಿ ಕೂತಿದ್ದಳು.

“ವೆಲ್ಡಿಂಗ್‌ನಿಂದ ನಂಗೇನು ಲಾಭ?” ಬ್ಯಾಂಕಿನ ಮ್ಯಾನೇಜರು ಸಾಲಕ್ಕೆ ಬಂದವನನ್ನು ಕೇಳುವ ಹಾಗೆ ಕೇಳಿದಳು.

ಗ್ರೇಡಿಗೆ ಗಡುವು ಹತ್ತಿರವಾಗುತ್ತಿರುವುದು ಕಾಣುತ್ತಿತ್ತು. ನಾಲಿಗೆ ತಾನೇ ಓಡಿತು. “ಕೇಳು ಆಡ್ರಿ. ಕಾಲೇಜಿನೋರ ಮುಂದೆ ಅರ್ಜಿ ರಾಶಿ ಬೀಳುತ್ತೆ. ಮಕ್ಕಳನ್ನ ನೋಡ್ಕೊಂಡ ಹುಡುಗೀರು ಗಾಡಿಗಟ್ಲೆ ಸಿಗ್ತಾರೆ. ಕಬ್ಬಿಣ ಕರಗಿಸಿದ ಹುಡುಗಿ ಎಲ್ಲಿ ಸಿಗ್ತಾಳೆ? ಅದೂ ಅಲ್ದೆ ಬೇಸಿಗೆ ಕೆಲಸ ಇದೆ. ನಮ್ಮ ರೋಲಿ ಮಾವನ ವರ್ಕ್‌ಶಾಪಲ್ಲಿ. ಕ್ಲಾಸಲ್ಲಿ ಹೆಸರಿದ್ರೆ ಸಾಕು.”

ಆಡ್ರಿ ತಲೆಯೆತ್ತಿದಳು. “ವರ್ಕ್‌ಶಾಪ್ ಎಲ್ಲಿರೋದು?”

“ಹೈವೇಲಿ. ಜೋಳದ ಗೋದಾಮು ದಾಟಿದ ಮೇಲೆ ಎಡಕ್ಕೆ.”

ಅಲ್ಲಿರುವುದು ಒಂದೇ ಕೆಲಸ, ಅದೂ ತನಗೆಂದು ತಾನು ಕಾಯುತ್ತಿರುವುದು ಎಂದು ಗ್ರೇಡಿ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಅವಳು ಕೇಳಲಿಲ್ಲ.

“ಸರಿ. ನನ್ನ ಕೆಮಿಸ್ಟ್ರಿ ಕ್ಲಾಸಿಗೂ ಒಬ್ಬರು ಕಮ್ಮಿ ಇದಾರೆ,” ಅಂದಳು ಆಡ್ರಿ. “ನೀನು ಬಾ.”

ಬೆಳಿಗ್ಗೆಯಿಂದ ಯಾವುದರಿಂದ ಓಡುತ್ತಿದ್ದನೋ ಅದರ ಬಾಗಿಲಿಗೇ ಬಂದು ಮುಟ್ಟಿದ್ದ. ಗ್ರೇಡಿ ಚಾವಣಿ ನೋಡಿದ. ಶೆಡ್ಡು ನೆನಪಾಯಿತು, ಗೋಡೆಯ ಮೇಲಿನ ಸಮುದ್ರವೂ ನೆನಪಾಯಿತು. ಮೂರನೇ ಚೌಕದಲ್ಲಿ, ಕಾಗದಕ್ಕೆ ನೋವಾಗದಷ್ಟು ತೆಳ್ಳಗೆ, ‘ಕೆಮಿಸ್ಟ್ರಿ’ ಎಂದು ಬರೆದ.

ಹೋಗಲಿ. ನಾಲ್ಕೂ ಚೌಕ ತುಂಬಿದವು, ವೆಲ್ಡಿಂಗ್ ಉಳಿಯಿತು, ಅಮ್ಮನೂ ಸಹಿ ಹಾಕುತ್ತಾಳೆ. ಅಡಿಗೆಮನೆಗೆ ಓಡಿದ.

ಶುಕ್ರವಾರ ಅಲ್ಲಿ ಮಾಂಸ, ಕಾಳು ಬೆಂದ ಖಾರದ ಚಿಲ್ಲಿ ಸಾರು, ಸಿಹಿ ದಾಲ್ಚಿನ್ನಿ ರೋಲು. ಆ ಎರಡನ್ನೂ ಒಟ್ಟಿಗೆ ತಿನ್ನುವ ದಿನ ಗೈರುಹಾಜರಾಗುವ ಮಗು ಆ ಜಿಲ್ಲೆಯಲ್ಲಿ ಹುಟ್ಟಿಲ್ಲ. ಸಾಲು ಬಾಗಿಲ ಆಚೆಗೂ ನಿಂತಿತ್ತು.

“ಅಮ್ಮಾ, ಸೈನ್!”

“ಕೈ ನೋಡೋ!” ಜೋಲೀನಳ ಎರಡೂ ಕೈ ಸಕ್ಕರೆಪಾಕದಲ್ಲಿ ಮುಳುಗಿದ್ದವು. “ಗ್ಲೋರಿಯಾ ರಜಾ ಹಾಕಿದಾಳೆ. ಸೈನ್ ಬೇಕಾದ್ರೆ ಏಪ್ರನ್ ಕಟ್ಟು, ರೋಲುಗಳಿಗೆ ಪಾಕ ಬಳಿ.”

ಬಳಿದ. ಒಂದು ತಟ್ಟೆ ಮುಗಿದರೆ ಇನ್ನೊಂದು ಬಂತು. ಶಾಲೆಯ ಅರ್ಧ ಹುಡುಗರು ಅವನ ಏಪ್ರನ್ ನೋಡಿ ಸೀಟಿ ಹೊಡೆದು ಹೋದರು. ಸಾಲು ಕರಗಿದ ಮೇಲೆ ಜೋಲೀನ್ ಕೈ ತೊಳೆದು ಬಂದು ಹಾಳೆ ಬಿಡಿಸಿದಳು. ಬಿಡಿಸಿದವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು.

“ಕೆಮಿಸ್ಟ್ರಿ… ಜರ್ಮನ್… ಕಾಯರ್…” ಕಣ್ಣಲ್ಲಿ ನೀರು ಬಂತು. “ಲೇ ಡಾಟೀ, ಬಾರೇ ಇಲ್ಲಿ, ನನ್ನ ಮಗ ಬರ್ದಿರೋದು ನೋಡೇ!”

ಹಾಳೆ ಇಡೀ ಅಡಿಗೆಮನೆ ಸುತ್ತಿತು. ಪಾತ್ರೆ ತೊಳೆಯುವವರು ಓದಿದರು, ಹಾಲಿನ ಕ್ರೇಟು ತಂದವನು ಓದಿದ. ಒಬ್ಬಳು ಜರ್ಮನ್ ಎಷ್ಟು ಕಷ್ಟ ಎಂದು ವಿವರಿಸಿದಳು. ತಿರುಗಿ ಬಂದಾಗ ಅದು ರೋಲಿನಷ್ಟೇ ಅಂಟಾಗಿತ್ತು. ಜೋಲೀನ್ ಪೆನ್ನಿನಲ್ಲಿ, ಮದುವೆಯ ರಿಜಿಸ್ಟರಿಗೆ ಹಾಕುವಂತೆ ದೊಡ್ಡದಾಗಿ ಸಹಿ ಹಾಕಿದಳು. ಗ್ರೇಡಿ ಏಪ್ರನ್ ಬಿಚ್ಚದೆ ಆಫೀಸಿಗೆ ಓಡಿದ.

ಹಾಳೆಗಳನ್ನು ತೆಗೆದುಕೊಳ್ಳುತ್ತಿದ್ದವರು ಮಿಸೆಸ್ ಪಾಲ್ಸೆನ್. ಮಕ್ಕಳಿಗೆ ದಾರಿ ತೋರಿಸುವುದು ಅವರ ಹುದ್ದೆ. ಅವರ ಸ್ವಂತ ಕನ್ನಡಕ ತಲೆಯ ಮೇಲಿದೆ ಎಂದು ಯಾರಾದರೂ ತೋರಿಸಬೇಕಿತ್ತು. ಮೇಜಿನ ಪಕ್ಕದಲ್ಲಿ ಆಡ್ರಿ ಪೆನ್ಸಿಲ್ ಕೆತ್ತುತ್ತಿದ್ದಳು.

“ಕಾಯರ್, ಸರಿ. ಜರ್ಮನ್, ಸರಿ. ಕೆಮಿಸ್ಟ್ರಿ, ಭೇಷ್!” ಪಾಲ್ಸೆನ್ ಒಂದೊಂದನ್ನೇ ಕಂಪ್ಯೂಟರಿಗೆ ಒತ್ತಿದರು. “ವೆಲ್ಡಿಂಗ್… ಅಯ್ಯೋ ಕಂದಾ, ವೆಲ್ಡಿಂಗ್ ಭರ್ತಿ.”

“ಭರ್ತಿನಾ? ಬೆಳಿಗ್ಗೆ ಮೂರು ಜನ ಕಮ್ಮಿ ಇತ್ತಲ್ಲ ಮೇಡಂ!”

“ಈಗ ಹನ್ನೆರಡು ಆಯ್ತು. ಅಲ್ಲಿರೋದು ಹನ್ನೆರಡೇ ಮೆಷಿನ್ನು, ಹನ್ನೆರಡೇ ಮುಖವಾಡ. ಯಾರ ಹಾಳೆ ಮೊದ್ಲು ಬಂತೋ ಅವರಿಗೆ.”

“ನಾನೇ ನಮ್ಮ ವಾಲಿಬಾಲ್ ಟೀಮಿನ ಮೂರು ಜನಾನ ಕರ್ಕೊಂಡು ಬಂದೆ,” ಅಂದಳು ಆಡ್ರಿ ಸಂತೋಷದಿಂದ. “ನೀನು ಅಷ್ಟು ಚೆನ್ನಾಗಿ ಹೇಳಿದ್ಯಲ್ಲ! ಕ್ಲಾಸ್ ಗ್ಯಾರಂಟಿ ಉಳೀಲಿ ಅಂತ.”

ಗ್ರೇಡಿ ಮೇಜು ಹಿಡಿದುಕೊಂಡ. “ಹಂಗಾದ್ರೆ ಮಿಕ್ಕ ಮೂರೂ ಹೊಡೆದು ಹಾಕಿ ಮೇಡಂ.”

“ಸೈನ್ ಆದ ಹಾಳೆ ಕಣಪ್ಪಾ. ಏನೇ ತೆಗೀಬೇಕಾದ್ರೂ ನಿಮ್ಮಮ್ಮ ಬಂದು ಇನ್ನೊಂದು ಸೈನ್ ಹಾಕ್ಬೇಕು. ಹೋಗಿ ಕೇಳ್ಕೊಂಡು ಬರ್ತೀಯಾ?”

ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡ ಅಮ್ಮ ಗ್ರೇಡಿಯ ಕಣ್ಣಮುಂದೆ ಬಂದಳು. ಅವನು ಬೇಡವೆಂದು ತಲೆಯಾಡಿಸಿದ.

“ನಾಲ್ಕನೇದಕ್ಕೆ ಏನಾದ್ರೂ ಬೇಕಲ್ಲ,” ಪಾಲ್ಸೆನ್ ಕಂಪ್ಯೂಟರಿಗೆ ಮೂಗು ತಾಗಿಸಿ ಹುಡುಕಿದರು. “ಹಾಂ, ಜಾಗ ಇರೋದು ಒಂದರಲ್ಲೇ. ಮಕ್ಕಳ ಪಾಲನೆ. ಒಂದು ಹಿಟ್ಟಿನ ಚೀಲ ಕೊಡ್ತಾರೆ, ಅದನ್ನ ಕೂಸಿನ ಹಾಗೆ ಎತ್ಕೊಂಡು ಓಡಾಡ್ಬೇಕು. ಏಪ್ರನ್ ಆಗಲೇ ಕಟ್ಕೊಂಡಿದೀಯ.”

ಸಂಜೆ ಬಸ್ಸಿನ ಹತ್ತಿರ ಸ್ವೋಬೊಡ ಮೇಷ್ಟ್ರು ಅವನ ಕೈ ಹಿಡಿದು ಎರಡು ನಿಮಿಷ ಕುಲುಕಿದರು. ಶೆಡ್ಡು ಉಳಿಯಿತಲ್ಲ. “ಮೊದಲನೇ ದಿನ ನಿನ್ನ ಕೈಲೇ ಬೆಂಕಿ ಹಚ್ಚಿಸ್ತೀನಿ,” ಅಂದರು. ಗ್ರೇಡಿಗೇ ಜಾಗ ಸಿಕ್ಕಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗ್ರೇಡಿ ಬಸ್ಸು ಹತ್ತಿದ.

ರಾತ್ರಿ ಊಟಕ್ಕೆ ರೋಲಿ ಮಾವ ಬಂದ. ಜೋಲೀನ್ ಉಳಿದಿದ್ದ ದಾಲ್ಚಿನ್ನಿ ರೋಲುಗಳನ್ನೆಲ್ಲ ತಂದು ಸುರಿದಿದ್ದಳು, ಹಬ್ಬ.

“ಮಾವ, ಬೇಸಿಗೆ ಕೆಲಸ…” ಗ್ರೇಡಿ ಬಾಯಿ ತೆರೆದ.

“ಅದಾ? ತುಂಬಿ ಹೋಯ್ತು!” ರೋಲಿ ಮಾವ ಹುಬ್ಬಿಲ್ಲದ ಹಣೆ ಎತ್ತಿದ. “ನೀನು ಕಳಿಸಿದ ಹುಡುಗಿ, ಆಡ್ರಿ. ಸ್ಕೂಲು ಬಿಟ್ಟ ತಕ್ಷಣ ಬಂದು ನಿಂತಿದ್ಳು. ಕ್ಲಾಸಲ್ಲಿ ಹೆಸರಿದೆ ಅಂತ ಆಫೀಸಿಂದ ಬರೆಸ್ಕೊಂಡೇ ಬಂದಿದಾಳೆ. ನಿನ್ನ ಹೆಸರು ಹೇಳಿದ್ಳು ನೋಡು, ಇನ್ನೇನು ಕೇಳೋದು ಅಂತ ತಗೊಂಡ್ಬಿಟ್ಟೆ. ನಿನ್ನ ಹೆಸರು ಲಿಸ್ಟಲ್ಲಿ ಇಲ್ವಂತಲ್ಲೋ?”

ಗ್ರೇಡಿ ರೋಲನ್ನು ಕೆಳಗಿಟ್ಟ.

“ಆದ್ರೆ ಒಳ್ಳೇ ಹುಡುಗಿ ಕಣೋ, ಉಪಕಾರ ಮರೆಯೋಳಲ್ಲ,” ಮಾವ ಚಿಲ್ಲಿ ಸಾರು ಬಡಿಸಿಕೊಳ್ಳುತ್ತ ಮುಂದುವರಿಸಿದ. “ಇಲ್ಲಿಗೆ ಸೇರಿದ್ರೆ ಅವಳ ಹಳೇ ಕೆಲಸ ಖಾಲಿ ಆಗುತ್ತಲ್ಲ. ನನ್ನ ಫೋನಿಂದಾನೇ ಮಾತಾಡಿದ್ಳು. ಮಕ್ಕಳ ಪಾಲನೆ ಕ್ಲಾಸಲ್ಲಿ ಹೆಸರಿರೋ ಹುಡುಗ ಇದಾನೆ, ನಂಬಿಕಸ್ಥ ಅಂತ ಹೇಳಿ ನಿನ್ನನ್ನ ಒಪ್ಪಿಸಿದಾಳೆ.”

“ಯಾರ ಹತ್ರ?” ಅಂದಳು ಜೋಲೀನ್.

ಮಾವ ಉತ್ತರ ಹೇಳುವ ಮೊದಲೇ ಗೋಡೆಯ ಫೋನು ಬಡಿದುಕೊಂಡಿತು. ಜೋಲೀನ್ ಎತ್ತಿದಳು. ಕೇಳಿಸಿಕೊಂಡಳು. ಮುಖ ಅರಳಿತು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಮಗನ ಕಡೆ ತಿರುಗಿದಳು.

“ಪ್ರಿನ್ಸಿಪಾಲರು ಕಣೋ! ಮೂರು ಮಕ್ಕಳಲ್ಲಿ ಚಿಕ್ಕದು ಕಚ್ಚುತ್ತಂತೆ. ಪರವಾಗಿಲ್ವಾ ಅಂತ ಕೇಳ್ತಿದಾರೆ.”