ಫೈನಲ್ ದಿನದ ಸಿಗಾರು

ಇಷ್ಟಕ್ಕೆಲ್ಲ ಕಾರಣ ಹೆಂಡತಿಯ ಸ್ನಾನದ ಟೋಪಿ. ಪ್ಲಾಸ್ಟಿಕ್ಕಿನದು, ಅಂಚಿಗೆ ಎಲಾಸ್ಟಿಕ್ಕು, ಬಣ್ಣ ಹಳದಿ. ಅದು ನೀಲಿಯೋ ಹಸಿರೋ ಆಗಿದ್ದಿದ್ರೆ ನಮ್ಮ ಅಲಾರಮಣ್ಣ ಇವತ್ತು ಎಲ್ಲರ ಹಾಗೆ ಸೋಫಾದ ಮೇಲೆ ಕಾಲು ಚಾಚಿ ಕೂತಿರ್ತಿದ್ದ.

ಅಲಾರಮಣ್ಣ ಅಂದ್ರೆ ಮೂರನೇ ಮಹಡಿಯವನು. ಕಟ್ಟಡಗಳಿಗೆ ಹೊಗೆ ಅಲಾರಂ ಕೂರಿಸೋದು ಅವನ ಕಸುಬು. ತಾನಿರೋ ಕಟ್ಟಡಕ್ಕೂ ಅವನೇ ಕೂರಿಸಿದ್ದ, ಸ್ವಂತ ತಂಗಿ ಮದುವೆ ಮಾಡಿದಷ್ಟು ಮುತುವರ್ಜಿಯಿಂದ. ಯಾವ ಮನೇಲಿ ಒಂದು ಎಳೆ ಹೊಗೆ ಎದ್ದರೂ ಸರಿ, ಸೈರನ್ ಕೂಗಬೇಕು, ಇಡೀ ಕಟ್ಟಡದ ಕರೆಂಟ್ ತಾನಾಗೇ ಹೋಗಬೇಕು, ಎಲ್ಲರೂ ಇದ್ದದ್ದು ಇದ್ದ ಹಾಗೇ ಮೆಟ್ಟಿಲಿಳಿದು ಬೀದಿಯಲ್ಲಿ ನಿಲ್ಲಬೇಕು. ಇದನ್ನ ಎಷ್ಟು ಸಲ ತಾಲೀಮು ಮಾಡಿಸಿದ್ದ ಅಂದ್ರೆ, ಕೆಳಮನೆ ಅಜ್ಜಿ ನಿದ್ದೆಗಣ್ಣಲ್ಲೇ ಇಳಿದು ಬಂದು, ಸಾಲಲ್ಲಿ ನಿಂತು, ಅಲ್ಲೇ ಗೊರಕೆ ಮುಂದುವರಿಸೋಳು.

ಇಂಥವನ ಹತ್ತಿರ ಒಂದು ಸಿಗಾರ್ ಇತ್ತು. ದೊಡ್ಡ ಹೋಟೆಲಿನ ಯಜಮಾನ ಕೊಟ್ಟದ್ದು. ಅವನ ಅಡುಗೆಮನೆ ಸುಟ್ಟು ಬೂದಿಯಾಗೋದನ್ನ ನಮ್ಮವನ ಅಲಾರಂ ತಪ್ಪಿಸಿತ್ತು, ಅದರ ಖುಷಿಗೆ. ಗಾಜಿನ ಕೊಳವೆಯೊಳಗೆ ಅದು ಗರ್ಭಗುಡಿಯ ದೇವರ ಹಾಗೆ ಮಲಗಿತ್ತು. ಕಂಡಕಂಡ ದಿನ ಹಚ್ಚೋ ಮಾಲಲ್ಲ, ದೊಡ್ಡ ದಿನಕ್ಕೆ ಇಟ್ಟುಕೋ ಅಂತ ಯಜಮಾನ ಹೇಳಿದ್ದ. ಮಗಳು ಹುಟ್ಟಿದ ದಿನ ಇವನು ಕೊಳವೆ ಕೈಗೆತ್ತಿಕೊಂಡು, ಸ್ವಲ್ಪ ಯೋಚನೆ ಮಾಡಿ, 'ಇದಕ್ಕಿಂತ ದೊಡ್ಡದು ಬರುತ್ತೆ' ಅಂತ ವಾಪಸ್ ಇಟ್ಟಿದ್ದ. ಆ ಮಾತನ್ನ ಹೆಂಡತಿ ಇನ್ನೂ ಮರೆತಿಲ್ಲ.

ಅದಕ್ಕಿಂತ ದೊಡ್ಡದು ಆ ಭಾನುವಾರ ಸಂಜೆ ಬಂತು. ಒಂದು ತಲೆಮಾರು ಕಾಯಿಸಿ ಹಳದಿ ಅಂಗಿಯ ನಮ್ಮ ಫುಟ್‌ಬಾಲ್ ಟೀಮು ಫೈನಲ್ ಮುಟ್ಟಿತ್ತು. ಕಣ್ಣ ಮುಂದೆ ಆಟ, ಬಾಯಲ್ಲಿ ಆ ಸಿಗಾರ್. ಜನ್ಮ ಸಾರ್ಥಕವಾಗೋಕೆ ಅವನಿಗೆ ಬೇರೇನೂ ಬೇಕಿರಲಿಲ್ಲ. ಅಡ್ಡ ಇದ್ದದ್ದು ಒಂದೇ: ಹಾಲ್‌ನ ಚಾವಣಿಗೆ ಅವನೇ ಕೂರಿಸಿದ ಅಲಾರಂ. ಸ್ಟೂಲ್ ಹತ್ತಿ ಅದಕ್ಕೆ ಹೆಂಡತಿಯ ಸ್ನಾನದ ಟೋಪಿ ಬಿಗಿದ.

"ಊರಿಗೆಲ್ಲ ಬುದ್ಧಿ ಹೇಳೋನು ಮನೆ ಅಲಾರಂಗೇ ಟೋಪಿ ಹಾಕ್ತಿದ್ದಾನೆ" ಅಂತ ಹೆಂಡತಿ ಗೋಡೆಗೆ ಹೇಳಿದಳು.

ಆಟ ಶುರುವಾಗೋ ಹೊತ್ತಿಗೆ ಬಾಗಿಲು ಬಡಿದ ಸದ್ದು. ಕಟ್ಟಡದಲ್ಲೇ ದೊಡ್ಡ ಟಿವಿ ಇವನದು, ಕರೆಯೋ ಅಗತ್ಯ ಯಾರಿಗೂ ಬೀಳಲಿಲ್ಲ. ಮೇಲ್ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಬಂದ್ರು. ಎದುರುಮನೆ ದರ್ಜಿ ಬಂದ, ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸದೆ ಒಳಗೆ ಬರಲಾರದಷ್ಟು ಉದ್ದದ ಆಸಾಮಿ. ಎಲ್ಲರಿಗೂ ಹಳದಿ ಅಂಗಿ ಹೊಲಿದುಕೊಟ್ಟವನೂ ಅವನೇ. ಹಿಂದೆ ಕೆಳಮನೆ ಅಜ್ಜಿ. ಬಟ್ಟೆ ಸಾಲದೆ ಅವಳಿಗೊಬ್ಬಳಿಗೇ ಅಂಗಿ ಇರಲಿಲ್ಲ, ಅದಕ್ಕೇ ಮುಖ ಊದಿಸಿಕೊಂಡಿದ್ಲು.

ಅಲಾರಮಣ್ಣ ಸಿಗಾರಿನ ತುದಿ ಕತ್ತರಿಸಿ, ಕಡ್ಡಿ ಗೀರಿ, ಮೊದಲ ದಮ್ಮು ಎಳೆದ. ಹಳೇ ಮರ, ಹುರಿದ ಕಾಫಿ ಬೀಜ, ಹೊಸ ಚರ್ಮ, ಎಲ್ಲ ಒಟ್ಟಿಗೆ ನಾಲಿಗೆ ಮೇಲೆ ಬಂದು ಕೂತ ಹಾಗಾಯ್ತು. ಕಣ್ಣು ಮುಚ್ಚಿದ. ಕಣ್ಣು ಬಿಡೋಷ್ಟರಲ್ಲಿ ಎದುರಾಳಿಗಳು ಗೋಲ್ ಹೊಡೆದಿದ್ದರು.

ಮೇಷ್ಟ್ರು ನಿಧಾನಕ್ಕೆ ತಿರುಗಿದರು. ತಪ್ಪು ಉತ್ತರ ಬರೆದ ಹುಡುಗನನ್ನ ನೋಡೋ ನೋಟ.

"ಆರಿಸು."

"ಸಾರ್, ಅದಕ್ಕೂ ಇದಕ್ಕೂ ಏನು ಸಂಬಂಧ?"

"ಆರಿಸಿ ನೋಡೋಣ, ಸಂಬಂಧ ಗೊತ್ತಾಗುತ್ತೆ."

ಆರಿಸಿದ. ಅವನ ಗ್ರಹಚಾರ, ಬೂದಿ ತಣ್ಣಗಾಗೋ ಮೊದಲೇ ನಮ್ಮವರು ಗೋಲ್ ಹೊಡೆದು ಸಮ ಮಾಡಿದರು. ದರ್ಜಿ ಎದ್ದು ಕುಣಿದ, ತಲೆ ಚಾವಣಿಗೆ ತಾಗಿತು. ಅಲಾರಮಣ್ಣ ಸದ್ದಿಲ್ಲದೆ ಇನ್ನೊಂದು ಕಡ್ಡಿ ಗೀರಿದ. ಹಚ್ಚಲೂ ಇಲ್ಲ, ಬರೀ ಗೀರಿದ. ಎದುರಾಳಿಯ ಚೆಂಡು ನಮ್ಮ ಗೋಲಿನ ಕಂಬಕ್ಕೆ ಬಡಿದು ಕೂದಲೆಳೆಯಲ್ಲಿ ಹೊರಗೆ ಹೋಯ್ತು. ಅಲ್ಲಿಗೆ ತೀರ್ಪಾಯ್ತು. ಸಿಗಾರ್ ಬಾಯಲ್ಲಿರಲಿ, ಬೆಂಕಿ ಬೇಡ ಅಂದ್ರು ಮೇಷ್ಟ್ರು. ಅಜ್ಜಿ ಬೆಂಕಿಪೊಟ್ಟಣ ಕಿತ್ತುಕೊಂಡು ಅದರ ಮೇಲೇ ಕೂತಳು. ಇನ್ನು ಅದನ್ನ ತೆಗೆಯೋಕೆ ಕ್ರೇನ್ ತರಿಸಬೇಕಿತ್ತು.

ವಿರಾಮದಲ್ಲಿ ನಮ್ಮವನು ನೀರು ಕುಡಿಯೋ ನೆಪದಲ್ಲಿ ಅಡುಗೆಮನೆಗೆ ಹೋಗಿ, ಒಲೆ ಹಚ್ಚೋ, ಜ್ವಾಲೆ ಬರೋ ಲೈಟರನ್ನ ಅಂಗಿ ತೋಳೊಳಗೆ ಸೇರಿಸಿಕೊಂಡು ಬಂದ. ಬರೋಷ್ಟರಲ್ಲಿ ಅಜ್ಜಿಯ ಮುನಿಸು ಇಳಿದಿತ್ತು. ತಲೆ ಮೇಲೆ ಎಲ್ಲಿಂದಲೋ ಒಂದು ಹಳದಿ ಟೋಪಿ ಬಂದಿತ್ತು, ದರ್ಜಿ ಅದರ ಎಲಾಸ್ಟಿಕ್ ಸರಿಮಾಡ್ತಿದ್ದ. ಅಲಾರಮಣ್ಣ ನೋಡಿದ. ಚೆನ್ನಾಗಿದೆ ಅಂದ್ಕೊಂಡ. ಅಷ್ಟರಲ್ಲಿ ಸೀಟಿ ಊದಿದರು.

ಆಮೇಲಿನ ಆಟ ನೋಡಿದವರಿಗೆ ಉಗುರು ಉಳಿಯಲಿಲ್ಲ. ಚೆಂಡು ಆ ಕಡೆ ಹೋದ್ರೆ ಮೇಷ್ಟ್ರು ಸೋಫಾ ಹತ್ತೋರು, ಈ ಕಡೆ ಬಂದ್ರೆ ಹೆಂಡತಿ ದಿಂಬು ಕಚ್ಚೋಳು. ಹೆಚ್ಚುವರಿ ಹೊತ್ತೂ ಮುಗಿದು ಪೆನಾಲ್ಟಿಗೆ ಬಂತು. ಅವರೊಂದು, ನಾವೊಂದು, ಕೊನೆಗೆ ನಮ್ಮ ಒಂದೇ ಒದೆ ಉಳೀತು. ಒಳಗೆ ಹೋದ್ರೆ ಕಪ್ ನಮ್ಮದು. ಎದುರಾಳಿ ಗೋಲ್‌ಕೀಪರ್, ಚೆಂಡು ಇಟ್ಟ ಜಾಗ ಸರಿಯಿಲ್ಲ ಅಂತ ರೆಫರಿ ಜೊತೆ ಜಗಳ ತೆಗೆದ. ಎಲ್ಲರೂ ಟಿವಿಗೇ ಮೂಗು ತಾಗಿಸೋ ಹಾಗೆ ಮುಂದಕ್ಕೆ ಸರಿದರು.

ಸೋಫಾದ ಹಿಂದೆ ನಿಂತಿದ್ದ ಅಲಾರಮಣ್ಣನಿಗೆ ಒಂದೇ ಯೋಚನೆ. ಗೆದ್ದ ಕ್ಷಣದಲ್ಲಿ ಬಾಯಲ್ಲಿ ಹೊಗೆ ಇಲ್ಲದಿದ್ರೆ ಇಷ್ಟು ವರ್ಷ ಕಾದದ್ದು ಯಾಕೆ? ಎಲ್ಲರ ಬೆನ್ನು ಇವನ ಕಡೆಗಿತ್ತು. ಲೈಟರ್ ತೆಗೆದ, ಹಚ್ಚಿದ, ಎದೆ ತುಂಬ ಎಳೆದು ತೃಪ್ತಿಯಿಂದ ಚಾವಣಿಗೆ ಬಿಟ್ಟ. ಹೊಗೆಯ ಹಿಂದೆಯೇ ಅವನ ಕಣ್ಣೂ ಮೇಲೆ ಹೋಯ್ತು. ಅಲಾರಂ ಬೋಳುತಲೆಯಲ್ಲಿ ಅವನನ್ನೇ ನೋಡ್ತಿತ್ತು.

ಸೈರನ್ ಕೂಗಿತು. ಟಿವಿ ಕಪ್ಪಾಯ್ತು.

ತಾಲೀಮು ಅಂದ್ರೆ ತಾಲೀಮು. ಬೈಯುತ್ತಾ, ಅಳುತ್ತಾ, ಆದರೂ ಸಾಲು ತಪ್ಪದೆ ಎಲ್ಲರೂ ಇಳಿದು ಬೀದಿಗೆ ಬಂದರು. ಬಂದು ನಿಂತದ್ದೇ ತಡ, ಪಕ್ಕದ ಬೀದಿಯಿಂದ ಕಟ್ಟೆ ಒಡೆದ ಹಾಗೆ ಒಂದು ಕೂಗು ಎದ್ದಿತು. ಹಳದಿ ಬಾವುಟಗಳು ಕಿಟಕಿಗಳಲ್ಲಿ ಹಾರಿದವು. ಗೆದ್ದಿದ್ದರು. ಇಡೀ ಊರು ನೋಡಿತ್ತು, ಈ ಕಟ್ಟಡ ಒಂದನ್ನ ಬಿಟ್ಟು.

ಎಲ್ಲ ಮಹಡಿಯ ಜನ ಒಟ್ಟಿಗೆ ಅಲಾರಮಣ್ಣನ ಕಡೆ ತಿರುಗಿದರು. ಅವನು ಟಿವಿ ಇಲ್ಲದ ಬೀದಿಯಲ್ಲಿ, ಬಾಯಲ್ಲಿ ಉರಿಯೋ ಸಿಗಾರ್ ಇಟ್ಟುಕೊಂಡು ನಿಂತಿದ್ದ. ದರ್ಜಿ ಹೊಡೆಯೋಕೆ ಅಂಗಿ ತೋಳು ಮಡಿಸಿದ.

"ತಡೀರಿ" ಅಂದ್ರು ಮೇಷ್ಟ್ರು. ಕಣ್ಣು ಮುಚ್ಚಿ ಬೆರಳು ಮಡಿಸಿ ಮಡಿಸಿ ಏನೋ ಲೆಕ್ಕ ಹಾಕಿದರು. "ಗೋಲ್ ಬಿದ್ದಾಗ ಅದು ಹೊತ್ತಿತ್ತಾ?"

"ಹೊತ್ತಿತ್ತು ಸಾರ್."

"ನೀನು ಎಲ್ಲಿದ್ದೆ?"

"ಇಲ್ಲೇ, ಬೀದೀಲಿ."

ಮೇಷ್ಟ್ರ ಮುಖ ಬೆಳಗಿತು. ತಪ್ಪು ಸಿಗಾರಿನದ್ದಲ್ಲ, ಜಾಗದ್ದು ಅಂತ ಸಾರಿದರು. ದರ್ಜಿ ಮಡಿಸಿದ ತೋಳು ಬಿಡಿಸಿ ನಮ್ಮವನನ್ನ ಹೆಗಲ ಮೇಲೆ ಹೊತ್ತ.

ಅವತ್ತಿಂದ ಪ್ರತಿ ಆಟಕ್ಕೂ ಕಟ್ಟಡದವರೇ ಸೇರಿ ಅವನಿಗೆ ಉತ್ತಮ ಸಿಗಾರ್ ತಂದುಕೊಡ್ತಾರೆ. ಗಾಜಿನ ಕೊಳವೆಯದ್ದೇ. ಅವನ ಮನೇಲಿ, ಅವನ ಸೋಫಾದ ಮೇಲೆ, ಅವನ ಟಿವಿ ಮುಂದೆ ಎಲ್ಲರೂ ಕೂತ್ಕೋತಾರೆ. ಅವನು ಕೆಳಗೆ ದೀಪದ ಕಂಬಕ್ಕೆ ಒರಗಿ ಸೇದ್ತಾನೆ. ಆಗಾಗ ಮೇಲಿಂದ ಕೂಗು ಬೀಳುತ್ತೆ, ಇವನು ಕತ್ತು ಚಾಚ್ತಾನೆ. ಕಿಟಕಿಯಲ್ಲಿ ಮೊದಲು ಅಜ್ಜಿಯ ಹಳದಿ ಟೋಪಿ, ಆಮೇಲೆ ಹೆಂಡತಿಯ ಮುಖ.

"ಗೋಲ್ ಆಯ್ತು ಕಣ್ರೀ. ಯಾರದ್ದು ಅಂತ ಆಮೇಲೆ ಹೇಳ್ತೀನಿ, ನೀವು ಸೇದ್ತಾ ಇರಿ."